ರಾತ್ರಿ ಕೂರಲು ಬಂದ ಮಾವಶಿ

ಮೊನ್ನೆ ನಿಮ್ಮ ಅಪ್ಪ ಕೂಲರಿಗೆ ಹೊಸ ಲಾವಂಚದ ತಟ್ಟಿ ಹಾಕಿಸಿದ. ನೀರು ಬಿಟ್ಟ ಕೂಡಲೇ ಹಸಿ ಬೇರಿನ ವಾಸನೆ ಮನೆ ತುಂಬ ಹರಡಿತು. ನಾನು ಸೋಸುತ್ತಿದ್ದ ಮೆಂತ್ಯದ ಸೊಪ್ಪನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟೆ. ಮಾವಶಿ ಬಂದರೇನೋ ಎನ್ನಿಸಿತು... ಅವರ ಸೆರಗಿನ ಗಂಟಿನಲ್ಲಿ ಯಾವಾಗಲೂ ಒಂದು ಲಾವಂಚದ ಬೇರು ಇರುತ್ತಿತ್ತು.

ಮಕ್ಕಳೇ, ಮಾವಶಿ ಯಾರೆಂದು ನಿಮಗೆ ಗೊತ್ತಿಲ್ಲ. ಆಗ ನೀವು ತೀರ ಸಣ್ಣವರು. ನಾನು ನಮ್ಮ ಊರಿನ ಶಾಲೆಯಲ್ಲಿ ಕಲಿತಷ್ಟರಲ್ಲೇ ಬರೆಯುತ್ತೇನೆ. ನಿಮಗೆ ಕನ್ನಡ ಓದುವುದು ಕಷ್ಟ ಎಂದು ಗೊತ್ತು, ನಿಧಾನವಾಗಿ ಓದಿ.

ನಿಮ್ಮ ಅಜ್ಜ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತರಾದ ಮೇಲೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಮಾತ್ರ ಅವರು ಒಬ್ಬರೇ ಏಳಲು ಹೋಗಿ ಬೀಳುತ್ತಿದ್ದರು. ಎತ್ತಿ ಎತ್ತಿ ನನ್ನ ಸೊಂಟ ಹಿಡಿದುಕೊಂಡಿತು. ಒಂದು ದಿನ ಚಹಾಕ್ಕೆ ಇಟ್ಟು ನಿಂತಲ್ಲೇ ತೂಕಡಿಸಿದೆ. ಪಾತ್ರೆ ಸುಟ್ಟು ಕರಕಲಾಯಿತು. ನಿಮ್ಮ ಅಪ್ಪ ಅದನ್ನು ನೋಡಿ ಹೆದರಿದ.

"ಅವ್ವಾ, ರಾತ್ರಿಗೆ ಯಾರನ್ನಾರ ಇಡೂಣು. ಇಲ್ಲಂದ್ರ ಅಪ್ಪನ್ನ ರಾಮದಾಸಪೇಠದಾಗಿನ ನರ್ಸಿಂಗ್ ಹೋಮಿಗೆ ಸೇರಸೂಣು. ಎರಡರಾಗ ಒಂದು ನೀನ ಹೇಳು."

ಅಜ್ಜ ಮುಖ ಗೋಡೆಯ ಕಡೆ ತಿರುಗಿಸಿದರು. ನರ್ಸಿಂಗ್ ಹೋಮ್ ಬೇಡ ಎಂದು ತಿಳಿಯಲು ನನಗೆ ಅಷ್ಟೇ ಸಾಕಾಯಿತು.

ಆದರೆ ನೋಡಿ, "ನೀನ ಹೇಳು" ಎಂದು ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿದವರಿರಲಿಲ್ಲ! ಯಾವ ಮನೆ, ಯಾವ ಸಂಬಂಧ, ಪರದೆಗೆ ಯಾವ ಬಣ್ಣ, ಎಲ್ಲ ಬೇರೆಯವರೇ ಆರಿಸಿದ್ದು. ನಾಗಪುರಕ್ಕೆ ಬಂದು ಇಷ್ಟು ವರ್ಷವಾದರೂ ತರಕಾರಿಯವನ ಹತ್ತಿರ ಬೆರಳು ತೋರಿಸಿಯೇ ಕೊಳ್ಳುತ್ತಿದ್ದವಳು ನಾನು. ಹೆದರಿಕೆಯೂ ಆಯಿತು, ಒಳಗೊಳಗೇ ಒಂದು ಹುರುಪೂ ಬಂತು.

ಮೊದಲು ಬಂದವನು ಬಿಳಿ ಅಂಗಿಯ ಒಬ್ಬ ಗಂಡಾಳು. ಚೆನ್ನಾಗಿ ಕಲಿತವನು. ಆದರೆ ಅಜ್ಜ ಎದುರಿಗೇ ಮಲಗಿರುವಾಗ, "ಪೇಶಂಟಿಗೆ ಡೈಪರ್ ಹಾಕ್ತೀರಾ?" ಎಂದು ನಿಮ್ಮ ಅಪ್ಪನನ್ನು ಕೇಳಿದ. ಅಜ್ಜ ಕಣ್ಣು ಮುಚ್ಚಿಕೊಂಡರು.

ಮರುದಿನ ಮಾವಶಿ ಬಂದರು. ನಾವು ಚಿಕ್ಕಮ್ಮ ಎನ್ನುವಂತೆ ಇಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಸಾವನೇರ್ ಕಡೆಯವರು, ಗಂಡ ಕಲ್ಲಿದ್ದಲು ಗಣಿಯಲ್ಲಿದ್ದು ತೀರಿಹೋಗಿದ್ದರು. ನಮ್ಮ ಯಾರ ಮುಖವನ್ನೂ ನೋಡದೆ ನೇರ ಮಂಚದ ಹತ್ತಿರ ಹೋಗಿ ಕೂತು, "ಬಾಬಾ, ನಿಮಗೆ ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ ಬರುತ್ತದೆ?" ಎಂದು ಮರಾಠಿಯಲ್ಲಿ ಕೇಳಿದರು. ಅಜ್ಜ ತೊದಲುತ್ತ ಉತ್ತರಿಸಿದರು. ತಿಳಿಯದಿದ್ದಾಗ ಮಾವಶಿ ನಮ್ಮನ್ನು ಕೇಳಲಿಲ್ಲ, ಮತ್ತೆ ಅವರನ್ನೇ ಕೇಳಿದರು.

ನಾನು ಅಡುಗೆಮನೆಯ ಬಾಗಿಲಿನಿಂದ, "ಇವರು," ಎಂದೆ.

"ಏನಂದಿ ಅವ್ವಾ?"

"ಇವರ ಇರ್ಲಿ."

ಮರುದಿನ ಮಧ್ಯಾಹ್ನದಿಂದಲೇ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾನೇ ಆರಿಸಿದವರು ಮನೆಗೆ ಬರುವವರಿದ್ದರು! ಬಾಗಿಲಿಗೆ ರಂಗೋಲಿ ಹಾಕಿದೆ. ಜೋಳದ ರೊಟ್ಟಿ ಬಡಿದೆ, ಬದನೆಕಾಯಿ ಎಣಗಾಯಿ ಮಾಡಿದೆ, ಶೇಂಗಾ ಚಟ್ನಿ ಕುಟ್ಟಿದೆ. ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲು ದಾಟಿ ಬಂದವರಿಗೆ ನಮ್ಮ ಕಡೆ ಉಣಿಸದೆ ಬಿಡುವುದುಂಟೇ? ಮಾವಶಿ ಊಟ ಮಾಡಿಯೇ ಬಂದಿದ್ದೇನೆ ಎಂದರು. ನಾನು ಕೇಳಬೇಕಲ್ಲ! ಇನ್ನೊಂದು ಅರ್ಧ, ಇನ್ನೊಂದು ಚೂರು ಎಂದು ಬಡಿಸುತ್ತಲೇ ಹೋದೆ. ಕೊನೆಗೆ ಗಟ್ಟಿ ಮೊಸರು, ಮೇಲೆ ಒಂದು ದೊಡ್ಡ ಲೋಟ ಮಜ್ಜಿಗೆ. ಅವರು ಸೆರಗಿನಿಂದ ಬೆವರೊರೆಸಿಕೊಂಡು, "ಬಸ್, ಆಯೀ, ಬಸ್!" ಎಂದು ಕೈ ಮುಗಿದರು, ಸಾಕು ತಾಯೀ ಎನ್ನುತ್ತ. ಆಮೇಲೆ ನಾನು ಒಳಗೆ ಹೋಗಿ ಮಲಗಿದ್ದಷ್ಟೇ ನೆನಪು.

ಎಚ್ಚರವಾದಾಗ ಬಿಸಿಲು ಮುಖದ ಮೇಲಿತ್ತು. ಓಡಿಹೋಗಿ ನೋಡಿದರೆ ಮಾವಶಿ ಕುರ್ಚಿಯಲ್ಲಿ ಗೋಡೆಗೆ ತಲೆ ಆನಿಸಿ ಗೊರಕೆ ಹೊಡೆಯುತ್ತಿದ್ದಾರೆ! ಅಜ್ಜ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಎಡಗೈ ಬೆರಳನ್ನು ತುಟಿಗೆ ಇಟ್ಟರು.

"ಶ್... ಮಲಗ್ಯಾಳ. ರಾತ್ರಿ ಡ್ಯೂಟಿ ನಂದ ಆತು."

"ಎಬ್ಬಸಬೇಕಿತ್ತಲ್ರಿ?"

"ನೀರು ಬೇಕಾಗಿತ್ತು. ಪಾಪ ಅನಸ್ತು. ನೀ ಅಷ್ಟು ರೊಟ್ಟಿ ಹಾಕಿದ್ರ ಎಂಜಿನ್ನೂ ನಿಂತು ಹೋಗತೈತಿ."

ಹೇಳಿ ನಕ್ಕರು. ಬಾಯಿಯ ಒಂದೇ ಬದಿಯಿಂದ, ಮೈಯೆಲ್ಲ ಕುಲುಕುವಂತೆ. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆ ನಗುವಿಗೇ ಮಾವಶಿಗೆ ಎಚ್ಚರವಾಯಿತು. ಪಾಪ, ಮುಖಕ್ಕೆ ಸೆರಗು ಮುಚ್ಚಿಕೊಂಡು ಚಪ್ಪಲಿ ಹುಡುಕತೊಡಗಿದರು.

ಅಷ್ಟರಲ್ಲಿ ನಿಮ್ಮ ಅಪ್ಪ ಬುಟಿಬೋರಿಯ ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ ಬಂದ. ವಿಷಯ ತಿಳಿದು ಅವನ ಮುಖ ಕೆಂಪಾಯಿತು.

"ರಾತ್ರಿ ಎಚ್ಚರ ಇರಲಿಕ್ಕೆ ಇಟ್ಟದ್ದು, ಮಲಗಲಿಕ್ಕಲ್ಲ. ಅಪ್ಪ ಬಿದ್ದಿದ್ರ? ಇದು ಆಗೂದಲ್ಲ ಬಿಡವ್ವಾ. ರಾಮದಾಸಪೇಠಕ್ಕ ಈಗ ಫೋನ್ ಮಾಡ್ತೀನಿ."

ಅವನ ಮಾತೂ ನಿಜವೇ. ಮಾವಶಿ ಮೆಟ್ಟಿಲು ಇಳಿಯತೊಡಗಿದ್ದರು. ಅಜ್ಜನ ನಗು ನಿಂತುಹೋಗಿತ್ತು, ಮುಖ ಮತ್ತೆ ಗೋಡೆಯ ಕಡೆ ತಿರುಗತೊಡಗಿತ್ತು. ನನಗೆ ಎಲ್ಲಿಂದ ದನಿ ಬಂತೋ!

"ಫೋನ್ ಇಡು! ಇವತ್ತು ರಾತ್ರಿನೂ ಇವರ ಬರ್ತಾರ. ರಾತ್ರಿ ಚಹಾ ಅಷ್ಟ ಕೊಡ್ತೀನಿ, ಊಟ ಮುಂಜಾನೆ ಹಾಕ್ತೀನಿ."

ನಿಮ್ಮ ಅಪ್ಪ ಫೋನ್ ಕೆಳಗಿಟ್ಟ. ಅಜ್ಜ ಎಡಗೈಯಿಂದ ಮಂಚದ ಪಟ್ಟಿ ಬಡಿದು, "ಸಿಗ್ನಲ್ ಕೊಟ್ಟಾಳೋ ನಿಮ್ಮವ್ವ! ಗಾಡಿ ಬಿಡು!" ಎಂದರು.

ನಾನು ಬರಿಗಾಲಲ್ಲೇ ಓಡಿ ಮಾವಶಿಯನ್ನು ರಸ್ತೆಯಲ್ಲಿ ಹಿಡಿದೆ. ಮರಾಠಿಯಲ್ಲಿ ಹೇಳಲು ಬಾರದೆ, ಕೈ ಹಿಡಿದು ಎಳೆದುಕೊಂಡು ಬಂದೆ. ಪಕ್ಕದ ಮನೆಯವರು ನಾವಿಬ್ಬರೂ ಜಗಳವಾಡುತ್ತಿದ್ದೇವೆ ಎಂದುಕೊಂಡರಂತೆ!

ಆಮೇಲೆ ಮಾವಶಿ ಒಂದು ರಾತ್ರಿಯೂ ಕಣ್ಣು ಮುಚ್ಚಲಿಲ್ಲ. ಸಂಜೆ ಬಂದವರೇ ಸೆರಗಿನ ಗಂಟು ಬಿಚ್ಚಿ ಕುಡಿಯುವ ನೀರಿನ ಮಡಕೆಗೆ ಲಾವಂಚದ ಬೇರು ಹಾಕುವರು. ಅಜ್ಜ ತೊದಲುತ್ತಲೇ ಗೂಡ್ಸ್ ಗಾಡಿಯ ಕಥೆಗಳನ್ನು ಹೇಳುವರು. ಗೋಡೆಯಾಚೆ ಆ ಮಾತು ಕೇಳುತ್ತ ನನಗೆ ನಿದ್ದೆ ಬರುತ್ತಿತ್ತು. ಬೆಳಿಗ್ಗೆ ನಾವಿಬ್ಬರೂ ಎದುರುಬದುರು ಕೂತು ರೊಟ್ಟಿ ತಿನ್ನುತ್ತಿದ್ದೆವು. ನನಗೆ ಮರಾಠಿ ಬಾಯಿಬಿಟ್ಟು ಆಡಲು ಬಂದದ್ದು ಆ ತಟ್ಟೆಯ ಮುಂದೆಯೇ.

ನಿಮ್ಮ ಅಜ್ಜ ನಮ್ಮ ಮನೆಯಲ್ಲೇ, ತಮ್ಮ ಮಂಚದ ಮೇಲೆಯೇ ಹೋದರು. ಆ ದಿನ ಸಂಜೆ ಮಾವಶಿ ಎಂದಿನ ಹೊತ್ತಿಗೆ ಬಂದರು. ಇನ್ನು ಬರಬೇಕಾಗಿಲ್ಲ ಎಂದು ಯಾರೋ ಹೇಳಿದರು. ಅವರು ಕುರ್ಚಿಯನ್ನು ಎತ್ತಿ ತಂದು ನನ್ನ ಚಾಪೆಯ ಪಕ್ಕ ಇಟ್ಟುಕೊಂಡು, "ಆಜ್ ಮೀ ತುಮಚ್ಯಾಸಾಠೀ ಆಲೇ," ಎಂದರು. ಇವತ್ತು ನಿಮಗಾಗಿ ಬಂದಿದ್ದೇನೆ, ಎಂದು.

ಮೊನ್ನೆ ಆ ವಾಸನೆ ಬಂದಾಗ ತಡೆಯಲಾರದೆ ಸಾವನೇರಿನ ಅವರ ಮನೆಗೆ ಫೋನ್ ಮಾಡಿಸಿದೆ. ಮಾವಶಿಯ ಮಗಳು ಎತ್ತಿದಳು. ಮಾವಶಿ ಕಳೆದ ಚಳಿಗಾಲದಲ್ಲೇ ತೀರಿಕೊಂಡರಂತೆ. ಬಹಳ ದಿನ ಹಾಸಿಗೆ ಹಿಡಿದಿದ್ದರಂತೆ... ನಮಗೆ ತಿಳಿದೇ ಇರಲಿಲ್ಲ.

"ರಾತ್ರಿ ಅವರ ಹತ್ತಿರ ಯಾರು ಕೂರುತ್ತಿದ್ದರು?" ಎಂದು ಕೇಳಿದೆ.

"ನಾನೊಬ್ಬಳೇ, ಆಯೀ," ಎಂದಳು.

ಸಾವನೇರಿಗೆ ಇಲ್ಲಿಂದ ಬೇಕಾದಷ್ಟು ಬಸ್ಸುಗಳಿವೆ. ಒಂದು ರಾತ್ರಿಯಾದರೂ ಆ ಹುಡುಗಿಯನ್ನು ಮಲಗಲು ಕಳಿಸಿ, ನಾನು ಕೂರಬಹುದಿತ್ತು...