ಆಪಾ ಕಟ್ಟುತ್ತಿದ್ದ ಡೆಲ್ಟಾ

ಕಳೆದ ವಾರ ಮನೆಯ ನೀರಿನ ಮೋಟಾರು ಸುಟ್ಟಿತು. ಲಿಂಗಸುಗೂರಿನ ಬಸ್ ನಿಲ್ದಾಣದ ಹಿಂದಿರುವ, ಮೋಟಾರಿಗೆ ಹೊಸದಾಗಿ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿಗೆ ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ಹೋದೆ. ಬಾಗಿಲಲ್ಲೇ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ತಾಮ್ರ, ಕಾಯಿಸಿದ ಅರಗು, ಅದರೊಳಗೆ ಎಲ್ಲೋ ಸ್ವಲ್ಪ ಸಿಹಿ... ಸಿಂಧನೂರಿನಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಆಪಾಳ ಕೈಗಳಿಗೆ ಇದೇ ವಾಸನೆ ಇತ್ತು.

ಆಗ ನಾನು ಅಲ್ಲಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಒಬ್ಬಳೇ ಇದ್ದೆ. ಏಳುವುದು, ಉಣ್ಣುವುದು, ಓದುವುದು ಎಲ್ಲವೂ ಗಡಿಯಾರದ ಪ್ರಕಾರ. ಓಣಿಯವರೆಲ್ಲ ಅಕ್ಕ ಎನ್ನುವಂತೆ ಆಪಾ ಎಂದು ಕರೆಯುತ್ತಿದ್ದ ಅವಳು ಗಂಡನನ್ನು ಕಳೆದುಕೊಂಡವಳು. ಅವನು ಮಾಡುತ್ತಿದ್ದ ವೈಂಡಿಂಗ್ ಕೆಲಸವನ್ನು ಮನೆಯ ಮುಂದಿನ ಕೋಣೆಯಲ್ಲಿ ತಾನೇ ಮಾಡುತ್ತಿದ್ದಳು. ಅಕ್ಕಿ ಗಿರಣಿಯ ಮೋಟಾರು, ಕಾಲುವೆ ಪಂಪಿನ ಮೋಟಾರು, ಯಾವುದು ಬಂದರೂ ಹಿಂದೆಗೆಯುತ್ತಿರಲಿಲ್ಲ. ಬೋರ್ಡಿನ ಮೇಲೆ ಮಾತ್ರ ಮೈದುನನ ಹೆಸರು. ಅವನ ಬಳಿ ಪರವಾನಗಿ ಇತ್ತು, ಇವಳ ಬಳಿ ಇರಲಿಲ್ಲ.

ಒಂದು ಸಂಜೆ ಮೊಸರಿಗೆ ಹೆಪ್ಪು ಕೇಳಲು ಬಂದವಳು ನನ್ನ ಮೇಜಿನ ಮೇಲೆ ತೆರೆದಿದ್ದ ಹತ್ತನೆಯ ತರಗತಿಯ ಪುಸ್ತಕ ನೋಡಿ ನಿಂತಳು.

"ಅರೆ ಟೀಚರ್, ಈ ಮೂರು ಮೂಲಿ ಗುರ್ತು ಇಲ್ಲಿಗ್ಯಾಕ ಬಂದೈತ್ರಿ? ಇದು ನಮ್ಮ ಡೆಲ್ಟಾ ಅಲ್ಲೇನು?"

ಮೋಟಾರಿನ ಮೂರು ಸುರುಳಿಗಳನ್ನು ತುದಿಗೆ ತುದಿ ಸೇರಿಸಿ ತ್ರಿಕೋನ ಕಟ್ಟುವುದಕ್ಕೆ ಅವರ ಕಸುಬಿನಲ್ಲಿ ಡೆಲ್ಟಾ ಎನ್ನುತ್ತಾರೆ. ಅದು ಗ್ರೀಕರ ಒಂದು ಅಕ್ಷರ ಎಂದು ನಾನು ಹೇಳಿದೆ. ಆಪಾ ನಕ್ಕುಬಿಟ್ಟಳು.

"ಏಳನೇದಕ್ಕ ಸಾಲಿ ಬಿಟ್ಟಾಕಿ ಇಷ್ಟು ವರ್ಷ ಗ್ರೀಕ್ ಬರದೀನಿ ಅಂದಂಗಾತು!"

ಆಮೇಲೆ ದನಿ ತಗ್ಗಿಸಿದಳು. "ವೈರ್‌ಮನ್ ಪರೀಕ್ಷೆ ಪಾಸಾದ್ರ ಬೋರ್ಡಿಗೆ ನನ್ನ ಹೆಸರ ಹಾಕಬೌದ್ರಿ. ಲೆಕ್ಕ ಒಂದ ಬರಂಗಿಲ್ಲ. ಹೇಳಿಕೊಡ್ತೀರೇನು?"

"ಸಂಜಿ ಐದರಿಂದ ಆರು. ಐದು ನಿಮಿಷ ತಡ ಆದ್ರ ಚಿಲಕ ಹಾಕ್ತೀನಿ ನೋಡು," ಎಂದೆ.

ಎರಡು ತಿಂಗಳು ತಪ್ಪದೆ ಬಂದಳು. ಬಂದವಳೇ, "ಇವತ್ತ ಯಾವ ಡೆಲ್ಟಾ ರೀ?" ಎಂದು ಕೇಳುವುದು. ರೇಖಾಗಣಿತದಲ್ಲಿ ಅದು ತ್ರಿಕೋನ ಎಂದೆ. ವರ್ಗಸಮೀಕರಣಕ್ಕೆ ಉತ್ತರ ಉಂಟೋ ಇಲ್ಲವೋ ಎಂದು ಮೊದಲೇ ತಿಳಿಸುವ ಗುರುತೂ ಅದೇ ಎಂದೆ. ನದಿ ಸಮುದ್ರ ಸೇರುವಲ್ಲಿ ಹರಡಿಕೊಳ್ಳುವ ಮಣ್ಣಿನ ನೆಲಕ್ಕೂ ಅದೇ ಹೆಸರು ಎಂದಾಗ, "ನಮ್ಮ ಗದ್ದಿಗೆ ನೀರು ಸಾಲವಲ್ದು, ಅಲ್ಲಿ ಹೋಗಿ ಡೆಲ್ಟಾ ಕಟ್ಟತೈತಂತ!" ಎಂದು ರೇಗಿದಳು. ಎರಡು ಬೆಲೆಗಳ ನಡುವಿನ ವ್ಯತ್ಯಾಸಕ್ಕೂ ಆ ಅಕ್ಷರವನ್ನೇ ಬರೆಯುತ್ತೇವೆ ಎಂದ ದಿನ ಪುಸ್ತಕದಲ್ಲಿದ್ದ ಆ ಗುರುತಿನ ಮೇಲೆ ಬೆರಳಾಡಿಸಿದಳು. "ಹಂಗಂದ್ರ ನನಗೂ ನಮ್ಮ ಮೈದುನಗೂ ನಡುವ ಒಂದು ಕಾಗದದಷ್ಟ ಡೆಲ್ಟಾ..."

ದೊಡ್ಡ ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಮೆಲ್ಲಗೆ ಎಬ್ಬಿಸಿ, ವೇಗ ಹಿಡಿದ ಮೇಲೆ ಡೆಲ್ಟಾಕ್ಕೆ ತರುತ್ತಾರೆ. ನಾನು ಪಾಠದಲ್ಲಿ ಅವಸರ ಮಾಡಿದರೆ ಅವಳು ಕೈಮುಗಿಯುತ್ತಿದ್ದಳು. "ಒಮ್ಮಿಗೇ ಡೆಲ್ಟಾ ಕೊಡಬ್ಯಾಡ್ರಿ ಟೀಚರ್, ಸುಟ್ಟುಹೋಗ್ತೀನಿ!"

ನಾಟಿಯ ಕಾಲ ಬಂತು. ಕಾಲುವೆಗೆ ನೀರು ಬಿಟ್ಟಿದ್ದರು. ಆ ದಿನ ಸಾಲಗುಂದದ ಕಡೆಯಿಂದ ಮೂರು ಮೋಟಾರುಗಳು ಒಟ್ಟಿಗೆ ಬಂದದ್ದನ್ನು ನಾನೇ ನೋಡಿದ್ದೆ. ಐದೂ ಇಪ್ಪತ್ತಕ್ಕೆ ಬಾಗಿಲು ಬಡಿದಳು.

"ಒಂದ ಪ್ರಶ್ನೆ ಐತ್ರಿ ಟೀಚರ್. ಡೆಲ್ಟಾದಾಗ ಕರೆಂಟಿಗೆ ರೂಟ್ ಮೂರು ಯಾಕ ಬರತೈತಿ? ನಿಂತಗೊಂಡ ಕೇಳಿ ಹೋಗ್ತೀನಿ."

"ಟೈಮ್ ಮೀರೈತಿ. ನಾಳೆ ಬಾ," ಎಂದು ಒಳಗಿನಿಂದಲೇ ಹೇಳಿದೆ. ಕುಳಿತಲ್ಲಿಂದ ಏಳಲಿಲ್ಲ.

"ಆತ್ರಿ..."

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹೋಗಿ ಕರೆಯಲು ಹತ್ತು ಹೆಜ್ಜೆ ಸಾಕಿತ್ತು. ಕಲಿಯುವವರೇ ಬರಬೇಕು ಎಂದುಕೊಂಡೆ. ಅಂಗಳದಲ್ಲಿ ಸಿಕ್ಕಾಗ, "ಛಲೋ ಅದೀರೇನ್ರಿ?" ಎಂದು ನಗುತ್ತಿದ್ದಳು, ಅಷ್ಟೇ. ಮೂರು ವರ್ಷ ಹಾಗೇ ಕಳೆಯಿತು. ನನಗೆ ಲಿಂಗಸುಗೂರಿಗೆ ವರ್ಗವಾಯಿತು.

ಕೊರೊನಾದ ಒಂದು ತಳಿಗೆ ಡೆಲ್ಟಾ ಎಂದು ಹೆಸರಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ಇದನ್ನೂ ಅವಳಿಗೆ ಹೇಳಬೇಕು ಅನ್ನಿಸಿತು... ಫೋನ್ ನಂಬರ್ ಇರಲಿಲ್ಲ.

ಈ ವೈಂಡಿಂಗ್ ಅಂಗಡಿಯವನಿಗೆ ನಲವತ್ತು ದಾಟಿರಬಹುದು. ಕೆಲಸ ಎಲ್ಲಿ ಕಲಿತೆ ಎಂದು ಕೇಳಿದೆ.

"ಸಿಂಧನೂರಾಗ್ರಿ, ಒಬ್ಬ ಆಪಾ ಹತ್ರ. ಹೋದ ವರ್ಷ ತೀರಿಕೊಂಡ್ರು."

ನಾನು ಸ್ಟೂಲಿನ ಮೇಲೆ ಕುಳಿತೆ. "ವೈರ್‌ಮನ್ ಪರೀಕ್ಷೆ ಪಾಸಾಗಿದ್ರೇನು ಅವರು?"

"ಇಲ್ರಿ. ನಾ ಹೋಗೋಕಿಂತ ಮೊದಲ ಎರಡು ಸಲ ರಾಯಚೂರಿಗೆ ಹೋಗಿ ಬರದಿದ್ರಂತ. ಎರಡೂ ಸಲ ಲೆಕ್ಕದಾಗ ಹೋತಂತ. ಕಡೀತನಕ ಬೋರ್ಡು ಮೈದುನನ ಹೆಸರಲೇ ಇತ್ರಿ." ತಂತಿ ಕತ್ತರಿಸುತ್ತಲೇ ಹೇಳಿದ. "ಆವಾಗ ಪಕ್ಕದ ಮನ್ಯಾಗ ಒಬ್ರು ಲೆಕ್ಕದ ಟೀಚರೇ ಇದ್ರಂತ. ಅವರನ್ನ ಕೇಳಬೇಕಿತ್ತಲ್ಲ ಆಪಾ ಅಂದ್ರ, ಬ್ಯಾಡೋ, ಅವರ ಟೈಮ್ ಕೆಡಸಬಾರ್ದು ಅಂತಿದ್ರು."

ಆ ಟೀಚರ್ ನಾನೇ ಎಂದು ಹೇಳದೆ, ಯಾವಾಗ ಬರಲಿ ಎಂದು ಕೇಳಿದೆ. ಮೋಟಾರು ನಾಳೆ ಸಿಗುತ್ತದೆ ಎಂದ. ಮನೆಯಲ್ಲಿ ಕೆಲಸವೇನೂ ಇರಲಿಲ್ಲ, ನನಗಾಗಿ ಕಾಯುವವರೂ ಇರಲಿಲ್ಲ. ಆದರೂ ತಡವಾಯಿತು ಎಂದು ಹೇಳಿ, ಬೇಗಬೇಗ ಅಲ್ಲಿಂದ ಎದ್ದು ಬಂದೆ.