ಕೆಲಸ ಕೊಡದೆ ಕಳಿಸಿದ ಮೇಡಂ

ಬಿಳಿ ಬೋರ್ಡಿನ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದರೆ ಒಂದು ಘಾಟು ಬರುತ್ತದೆ. ಮೊನ್ನೆ ಗಚ್ಚಿಬೌಲಿಯ ಆಫೀಸಿನಲ್ಲಿ ಒಬ್ಬ ಹುಡುಗಿಯ ಇಂಟರ್‌ವ್ಯೂ ಮಾಡಲು ಕೂತಾಗ ಅದು ಮೂಗಿಗೆ ಬಡಿಯಿತು. ಆಮೇಲೆ ಆ ಹುಡುಗಿ ಏನು ಹೇಳಿದಳೋ ಸ್ವಲ್ಪ ಹೊತ್ತು ನನಗೆ ಕೇಳಿಸಲೇ ಇಲ್ಲ...

ಎಷ್ಟೋ ವರ್ಷಗಳ ಹಿಂದೆ ನನ್ನ ಇಂಟರ್‌ವ್ಯೂ ನಡೆದದ್ದು ಇದೇ ಊರಿನ ಮಾದಾಪುರದಲ್ಲಿ, ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಅಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಅವರು ರಿಟೈರ್ ಆಗುವ ದಿನ ಹತ್ತಿರ ಬಂದಿತ್ತು, ಮಲ್ಕಾಜ್‌ಗಿರಿಯ ಕ್ವಾರ್ಟರ್ಸ್ ಬಿಡಬೇಕಿತ್ತು. ನನಗೊಂದು ಕೆಲಸ ಸಿಕ್ಕರೆ ಅಚ್ಚುಕಟ್ಟಾದ ಬಾಡಿಗೆ ಮನೆ, ಇಲ್ಲವಾದರೆ ದೇವರೇ ಗತಿ. ಹಾಗಾಗಿ ಸಿಕ್ಕಸಿಕ್ಕ ಪ್ರಶ್ನೋತ್ತರಗಳನ್ನೆಲ್ಲ ಉರುಹೊಡೆದು ಹೋಗಿದ್ದೆ.

ಎದುರಿಗೆ ಕೂತಿದ್ದ ಮೇಡಂ ಅವುಗಳಲ್ಲಿ ಒಂದನ್ನೂ ಕೇಳಲಿಲ್ಲ. ಒಂದೇ ಸೀಟು ಉಳಿದಿದೆ, ಇಬ್ಬರು ಒಂದೇ ಕ್ಷಣಕ್ಕೆ ಬುಕ್ ಮಾಡಲು ಬಟನ್ ಒತ್ತುತ್ತಾರೆ, ನಿನ್ನ ಪ್ರೋಗ್ರಾಂ ಏನು ಮಾಡುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಬಾಯಿಂದ "ಅಯ್ಯ ನಮ್ಮವ್ವಾ" ಎಂದು ಬಂದೇಬಿಟ್ಟಿತು. ಅವರ ಕನ್ನಡಕದ ಹಿಂದೆ ಕಣ್ಣುಗಳು ಅರಳಿದವು, ಅವರೂ ನಮ್ಮ ಕಡೆಯವರೇ.

"ಯಾವ ಊರವಾ ನಿಮ್ದು?"

"ಅಪ್ಪ ರಾಯಚೂರು ಕಡೇರಿ ಮೇಡಂ. ರೈಲ್ವೆದಾಗ ಅದಾರ."

ಆ ಮಾತಿನಿಂದಲೇ ನನಗೆ ದಾರಿ ಸಿಕ್ಕಿತು. ಒಂಟಿ ಹಳಿಯ ಸ್ಟೇಷನ್ನುಗಳಲ್ಲಿ ಡ್ರೈವರನ ಕೈಗೆ ಅಪ್ಪ ಕಬ್ಬಿಣದ ಗುಂಡು ಕೊಡುತ್ತಿದ್ದರು. ಗುಂಡು ಇದ್ದವನಿಗೆ ಮಾತ್ರ ಹಳಿ. ಅದು ಆಚೆ ಸ್ಟೇಷನ್ ಮುಟ್ಟುವ ತನಕ ಸ್ಟೇಷನ್ನಿನ ಗುಂಡಿನ ಮಷೀನು ಇನ್ನೊಂದು ಗುಂಡು ಕೊಡುವುದಿಲ್ಲ. ಸೀಟಿಗೂ ಹಾಗೇ ಒಂದು ಗುಂಡು ಇಟ್ಟರಾಯಿತು ಅಂದೆ. ಮೇಡಂ ಮೇಜು ತಟ್ಟಿ ನಕ್ಕರು. ಕೆಲಸ ಸಿಕ್ಕೇಬಿಟ್ಟಿತು ಎಂದು ನಾನು ಒಳಗೊಳಗೇ ಉಬ್ಬಿದೆ.

"ಛಲೋ. ಗುಂಡು ತಗೊಂಡ ಗಾಡಿ ನಡು ದಾರ್ಯಾಗ ನಿಂತುಬಿಟ್ಟೈತಿ. ಸುದ್ದಿ ಇಲ್ಲ. ಈಗೇನು ಮಾಡ್ತಿ?"

ಗೊತ್ತಿರಲಿಲ್ಲ. ಆದರೆ ಸುಮ್ಮನಿರಲು ಭಯ. "ಹತ್ತು ನಿಮಿಷ ಕಾದು, ಹಿಂದಿನ ಗಾಡಿಗೆ ಇನ್ನೊಂದು ಗುಂಡು ಕೊಡೂದ್ರಿ" ಅಂದುಬಿಟ್ಟೆ.

"ಇದನ್ನ ನಿಮ್ಮಪ್ಪನ ಮುಂದ ಹೇಳ್ತೀಯೇನು?"

ಪಾಯಿಂಟ್ಸ್‌ಮನ್ ಮಗಳು ನಾನು, ನಿಂತ ಗಾಡಿಯ ಮೇಲೆ ಇನ್ನೊಂದು ಗಾಡಿ ಹತ್ತಿಸಿದ್ದೆ! ನಾಚಿಕೆಯಿಂದ ಮುಖ ಕೆಂಪಾಯಿತು.

ಅವರು ಎದ್ದು ಬೋರ್ಡಿನ ಹತ್ತಿರ ಹೋದರು. ಒಂದು ಉಪಾಯ ಬರೆದು, "ಇದರಾಗ ತೂತು ಐತಿ" ಎಂದು ತಾವೇ ಅಳಿಸಿದರು. ಇನ್ನೊಂದು ಬರೆದರು, ಅದನ್ನೂ ಅಳಿಸಿದರು. ನಾನು ಇಂಟರ್‌ವ್ಯೂಗೆ ಬಂದಿದ್ದೇನೆ ಎನ್ನುವುದನ್ನು ಇಬ್ಬರೂ ಮರೆತಿದ್ದೆವು. ಒಬ್ಬರ ತಲೆ ಕೆಲಸ ಮಾಡುವುದನ್ನು ಅಷ್ಟು ಹತ್ತಿರದಿಂದ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಮೈ ಜುಮ್ಮೆಂದಿತು. ಕೊನೆಗೆ ಕೈಯ ಮಸಿ ಒರೆಸಿಕೊಳ್ಳುತ್ತಾ, "ಪೂರಾ ಉತ್ತರ ನನಗೂ ಗೊತ್ತಿಲ್ಲವಾ" ಎಂದರು. ಸಂಕೋಚವೇ ಇಲ್ಲದೆ, ಊಟ ಆಯಿತು ಎನ್ನುವಷ್ಟು ಸಲೀಸಾಗಿ!

ಆಮೇಲೆ ಕೂತು ನೇರವಾಗಿ ನನ್ನ ಕಣ್ಣು ನೋಡಿ ಹೇಳಿದರು. "ಈ ಸಲ ನಿನ್ನ ತಗೊಳ್ಳಂಗಿಲ್ಲ. ಬುದ್ಧಿ ಭಾಳ ಐತಿ. ಆದ್ರ ಗೊತ್ತಿಲ್ಲ ಅನ್ನಾಕ ಅಂಜತಿ. ಆರು ತಿಂಗಳು ಬಿಟ್ಟು ಬಾ."

ಬೇರೆ ಕಂಪನಿಗಳಲ್ಲಿ "ಫೋನ್ ಮಾಡುತ್ತೇವೆ" ಅನ್ನುತ್ತಿದ್ದರು, ಮಾಡುತ್ತಿರಲಿಲ್ಲ. ಮುಖದ ಮೇಲೆ ಕಾರಣ ಹೇಳಿ ಕಳಿಸಿದವರು ಇವರೊಬ್ಬರೇ. ಲಿಫ್ಟಿನಲ್ಲಿ ಅತ್ತೆ. ಆದರೆ ಅವರ ಮೇಲೆ ಸಿಟ್ಟು ಮಾತ್ರ ಬರಲಿಲ್ಲ...

ಮನೆಯಲ್ಲಿ ಅಪ್ಪ ಎಲ್ಲ ಕೇಳಿ, "ಖರೇ ಹೇಳ್ಯಾರ. ಗಾಡಿ ಬರಲಿಲ್ಲ ಅಂದ್ರ ನಾವು ಕಂದೀಲು ಹಿಡ್ಕೊಂಡು ಹಳಿ ಗುಂಟ ನಡಕೋತ ಹೋಗಿ ನೋಡತಿದ್ವಿ. ಊಹೆ ಮಾಡತಿದ್ದಿಲ್ಲ" ಎಂದರು. ಕ್ವಾರ್ಟರ್ಸ್ ಬಿಟ್ಟು ಒಂದೇ ಕೋಣೆಯ ಮನೆಗೆ ಹೋದೆವು. ನಾನು ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾ ಓದಿದೆ. ಈ ಸಲ ಉರುಹೊಡೆಯಲಿಲ್ಲ.

ಆರು ತಿಂಗಳ ನಂತರ ಅದೇ ಕಂಪನಿಗೆ ಹೋದಾಗ ಮೇಡಂ ಕುರ್ಚಿಯಲ್ಲಿ ಒಬ್ಬರು ತೆಲುಗಿನವರಿದ್ದರು. ಅವರ ಪ್ರಶ್ನೆ ಎಷ್ಟು ಕಠಿಣವಿತ್ತೆಂದರೆ ಎಲ್ಲಿಂದ ಹಿಡಿಯಬೇಕೋ ತಿಳಿಯಲಿಲ್ಲ. "ಗೊತ್ತಿಲ್ಲ ಸರ್" ಅಂದೆ. "ಊಹೆ ಮಾಡುವ ಮುಂಚೆ ಯಾವುದನ್ನು ಹೋಗಿ ನೋಡಬೇಕು ಅಂತ ಬೇಕಾದರೆ ಹೇಳುತ್ತೇನೆ." ಅವರು ಪೆನ್ನು ಕೆಳಗಿಟ್ಟು ವಿಷಯ ಹೇಳಿದರು. ಮೇಡಂ ಕಾಯಿಲೆ ಬಿದ್ದು ಆಸ್ಪತ್ರೆಗೆ ಸೇರುವ ಮುಂಚೆ ಈ ಸರ್ ಹತ್ತಿರ ನನ್ನ ಹೆಸರು ಹೇಳಿ ಹೋಗಿದ್ದರಂತೆ. ಶಿಫಾರಸು ಅಲ್ಲ. ಆ ಹುಡುಗಿ ಬಂದೇ ಬರುತ್ತಾಳೆ, ಅವಳಿಗೆ ಸುಲಭದ್ದು ಕೇಳಬೇಡಿ, ಅಂತ.

ಕೆಲಸ ಸಿಕ್ಕಿತು. ನಾನು ಸೇರಿದ ವಾರವೇ ಮೇಡಂ ತೀರಿಕೊಂಡರು.

ಅವರ ಕೈಕೆಳಗೆ ನಾನು ಒಂದು ದಿನವೂ ದುಡಿಯಲಿಲ್ಲ. ನೋಡಿದ್ದು ಒಂದೇ ಮಧ್ಯಾಹ್ನ. ಆದರೂ ಕೆಲಸ ಕಲಿಸಿದವರು ಯಾರು ಎಂದು ಈಗ ಯಾರಾದರೂ ಕೇಳಿದರೆ ಅವರ ಮುಖವೇ ಕಣ್ಮುಂದೆ ಬರುತ್ತದೆ. ಎದುರಿಗೆ ನಿಂತು "ಕೆಲಸ ಸಿಕ್ತರೀ ಮೇಡಂ" ಅಂತ ಒಂದು ಮಾತು ಹೇಳುವುದಿತ್ತು.