ಮೂತಿ ಎತ್ತಿ ನಡೆವ ಹುಸೇನಮ್ಮನ ಮನೆ

ಹುಸೇನಮ್ಮ ಜ್ವರ ಬಂದು ಒಳಗೆ ಮಲಗಿದ್ದಾಗ ರಸ್ತೆ ಗುತ್ತೇದಾರನ ಆಳುಗಳು ಅವಳ ಗಾಲಿಮನೆಯ ಮುಂದಿನ ಎರಡು ಗಾಲಿಗಳನ್ನು ಅಚ್ಚಿನ ಸಮೇತ ಬಿಚ್ಚಿಕೊಂಡು ಹೋದರು. ಮನೆಯ ಮೂತಿಯ ಕೆಳಗೆ ಕಲ್ಲು ಒಟ್ಟಿ ನಿಲ್ಲಿಸಿದರು. ರಸ್ತೆಗೆ ನೀರು ಹೊಡೆಯುವ ಗಾಡಿಗೆ ಗಾಲಿ ಬೇಕಾಗಿತ್ತು.

ಇವತ್ತು ಮಸ್ಕಿಯ ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹುಸೇನಮ್ಮ ಸೀರೆಯನ್ನು ಕಚ್ಚೆ ಹಾಕಿ ಮನೆಯ ಕೆಳಗೆ ಅಂಗಾತ ಮಲಗಿದ್ದಾಳೆ. ಔಡಲೆಣ್ಣೆಯಲ್ಲಿ ಹುಲ್ಲಿನ ಬೂದಿ ಕಲಸಿ ಮಾಡಿದ ಕೀಲೆಣ್ಣೆಯನ್ನು ಹೊಸ ಅಚ್ಚಿಗೆ ಬೆರಳಿನಿಂದ ತಿಕ್ಕುತ್ತಿದ್ದಾಳೆ. ಅತ್ತ ಗಂಡ ಯಂಕೋಬ ರೋಡ್ ರೋಲರಿನ ಒಲೆಗೆ ಕಲ್ಲಿದ್ದಲು ಎಸೆಯುತ್ತಿದ್ದಾನೆ. ಉಗಿ ಏರಿದರೆ ರೋಲರ್ ಸಿಂಧನೂರಿನ ಕಡೆ ಹೊರಡುತ್ತದೆ. ಅದರ ಬಾಲಕ್ಕೆ ಸಿಕ್ಕಿಸಿದ ಮನೆಯೂ ಹೊರಟರೆ ಸಂಸಾರ ಹೊರಟಂತೆ. ಮನೆ ಹೊರಡದಿದ್ದರೆ ಯಂಕೋಬ ಒಬ್ಬನೇ ಹೋಗಬೇಕು, ಹುಸೇನಮ್ಮ ರಸ್ತೆಯ ಬದಿಗೆ ಉಳಿಯಬೇಕು. ಕಾಯುವುದಿಲ್ಲ ಎಂದು ಗುತ್ತೇದಾರ ಹೇಳಿ ಕಳಿಸಿಯಾಗಿದೆ.

ಇದು ಗಾಲಿಯ ಮೇಲಿನ ಮನೆ. ಒಂದು ಕೋಣೆಯ ಮರದ ಡಬ್ಬಿ, ಒಂದು ಅರೆಬಾಗಿಲು, ಮೇಲೆ ಬಾಗಿದ ಚಾವಣಿ. ರೋಲರ್ ನಡೆಸುವವನು ರಸ್ತೆಯಲ್ಲೇ ಬದುಕಬೇಕಾದ್ದರಿಂದ ಯಂತ್ರದ ಜೊತೆಗೇ ಬಂದದ್ದು. ಬಂದಾಗ ಅದರಲ್ಲಿ ಕೋಳಿ ಸಾಕುವುದಕ್ಕೂ ಯಾರೂ ಒಪ್ಪುತ್ತಿರಲಿಲ್ಲ. ನಿಜಾಮರ ರಾಜ್ಯ ಬಿದ್ದ ನಲವತ್ತೆಂಟರ ಗಲಾಟೆಯಲ್ಲಿ ಮುದಗಲ್ ಬಳಿಯ ಇವರ ಗುಡಿಸಲು ಸುಟ್ಟುಹೋಗಿತ್ತು. ಹಚ್ಚಿದವರು ಯಾರೆಂದು ಇವತ್ತಿಗೂ ಯಾರೂ ಕೇಳಿಲ್ಲ. "ಬೇಕಿದ್ರ ಅದರಾಗ ಇರ್ರಿ" ಎಂದಿದ್ದ ಗುತ್ತೇದಾರ. ಈಗ ಐವತ್ತೆರಡನೇ ಇಸವಿ. ನಿಜಾಮರ ಆಡಳಿತ ಹೋಗಿದೆ, ಕಾಲುವೆ ಕೆಲಸದ ಲಾರಿಗಳಿಗಾಗಿ ಲಿಂಗಸುಗೂರಿನಿಂದ ಸಿಂಧನೂರಿನ ರಸ್ತೆಗೆ ಹೊಸ ಖಡಿ ಕಲ್ಲು ಬೀಳುತ್ತಿದೆ. ಗುತ್ತೇದಾರ ಮಾತ್ರ ಹಳಬನೇ.

ಹುಸೇನಮ್ಮ ಆ ಡಬ್ಬಿಯನ್ನು ಮನೆ ಮಾಡಿದಳು. ಹಲಗೆಗಳ ಸಂದಿಗೆ ಪುಂಡಿ ನಾರು ತುರುಕಿ ಮೇಲೆ ಡಾಂಬರು ಬಳಿದಳು. ನೆಲದ ತೂತಿಗೆ ಚಿಮಣಿ ಎಣ್ಣೆಯ ಡಬ್ಬಿಯ ತಗಡು ಬಡಿದಳು. ಬಾಗಿಲಿನ ಕೀಲು ಕಳಚಿದಾಗ ಯಂಕೋಬನ ಹಳೆಯ ಚಪ್ಪಲಿಯ ತೊಗಲು ಕತ್ತರಿಸಿ ಹೊಡೆದಳು. "ಅವು ಇನ್ನೂ ಗಟ್ಟಿ ಇದ್ವು" ಎಂದು ಯಂಕೋಬ ಇವತ್ತಿಗೂ ಗೊಣಗುತ್ತಾನೆ. "ಗಟ್ಟಿ ಇದ್ದದ್ದಕ್ಕ ಬಾಗಿಲಿಗೆ ಹಾಕೀನಿ. ಹರಕ ಆಗಿದ್ರ ನಿನಗ ಬಿಡ್ತಿದ್ದೆ" ಎನ್ನುತ್ತಾಳೆ ಅವಳು.

ಗಾಲಿ ಹೋದ ಮೇಲೆ ಕೇಳಲು ಹೋದವನು ಯಂಕೋಬ. ಸರ್ಕಾರಿ ಕೆಲಸಕ್ಕೆ ಅಡ್ಡ ಬರಬೇಡ ಎಂಬ ಉತ್ತರ ಹೊತ್ತು ತಿರುಗಿ ಬಂದ. ಹುಸೇನಮ್ಮ ಜ್ವರ ಇಳಿದ ದಿನ ಪಾಮನಕಲ್ಲೂರಿಗೆ ನಡೆದಳು. ಅಲ್ಲಿ ವೀರಭದ್ರಮ್ಮ ಎಂಬ ಒಕ್ಕಲಗಿತ್ತಿಯ ಹಿತ್ತಲಲ್ಲಿ ಮುರುಕು ಎತ್ತಿನ ಗಾಡಿಯೊಂದು ಬಿದ್ದಿತ್ತು. ವೀರಭದ್ರಮ್ಮ ನೆಲದೊಳಗೆ ಜೋಳ ತುಂಬಿಡುವ ಹಗೇವಿಗೆ ಇಳಿದು, ಕೆಸರು ಬಾಚಿ, ಒಳಗೋಡೆ ಸಾರಿಸಿಕೊಟ್ಟು, ಅದರ ಅಚ್ಚು ಮತ್ತು ಎರಡು ಗಾಲಿಗಳನ್ನು ತಂದಳು. ಗಾಲಿಯ ಕಬ್ಬಿಣದ ಪಟ್ಟಿಗಳು ಸಡಿಲವಾಗಿದ್ದವು. ಸಗಣಿ ಕುಳ್ಳಿನ ಬೆಂಕಿಯಲ್ಲಿ ಪಟ್ಟಿ ಕೆಂಪಗೆ ಕಾಸಿ, ಗಾಲಿಗೆ ಇಳಿಸಿ, ಕೂಡಲೇ ನೀರು ಸುರಿಯಬೇಕು. ಆಗ ಅದು ಬಿಗಿದು ಕೂರುತ್ತದೆ. ಖಡಿ ಹೊರುವ ಹೆಂಗಸರೆಲ್ಲ ಕೂಡಿ ಇಕ್ಕಳ ಹಿಡಿದರು. ನೀರು ಮಾತ್ರ ಕಡಿಮೆ ಬಿತ್ತು.

"ಕಟ್ಟಿಗಿ ಹೊಗಿಯಾಡಾಕತ್ತಿತು. ಕುಡಿಯೂ ನೀರು ಸುರುವಿದೆ, ಸಾಲಲಿಲ್ಲ. ಆಮ್ಯಾಗ ಗಡಗಿಯಾಗಿನ ಮಜ್ಜಿಗಿ ಸುರುವಿದೆ" ಎಂದು ನಗುತ್ತಾಳೆ ಹುಸೇನಮ್ಮ. "ಊಟದಾಗ ಮಜ್ಜಿಗಿ ಕೇಳಿದ್ರ ನಮ್ಮನಿಯವರಿಗೆ ಗಾಲಿ ತೋರಿಸಿದೆ."

ಎತ್ತಿನ ಗಾಡಿಯ ಗಾಲಿ ದೊಡ್ಡದು. ಜಾಲಿಯ ತುಂಡುಗಳನ್ನು ಒಟ್ಟಿ ಅಚ್ಚು ಕೂರಿಸಿದಾಗ ಮನೆ ಮೂತಿ ಎತ್ತಿ ನಿಂತಿತು. ನೋಡಲು ಬಂದವರೆಲ್ಲ ನಕ್ಕರು. "ಮನಿ ಮುಗಲ ನೋಡಾಕತ್ತೈತಲ್ಲಬೇ, ಮಲಗಿದ್ರ ನಿದ್ದಿ ಕಾಲಾಗ ಇಳಿತೈತಿ" ಎಂದ ಯಂಕೋಬ. ಆ ವಾರ ಮಳೆ ಬಿತ್ತು. ಡಾಂಬರಿಗೂ ಬಗ್ಗದೆ ಪ್ರತಿ ಸಲ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತಿದ್ದ ನೀರು, ಚಾವಣಿ ವಾಲಿದ್ದರಿಂದ ನೇರ ಹಿಂದಕ್ಕೆ ಹರಿದು ನೆಲಕ್ಕೆ ಬಿತ್ತು. ಹುಸೇನಮ್ಮ ಅಂದು ಒಣ ಕೌದಿಯ ಮೇಲೆ ಮಲಗಿದಳು.

ಆದರೂ ಒಂದು ಹೆದರಿಕೆ ಉಳಿದಿತ್ತು. ರಸ್ತೆಗೆ ಹತ್ತಬೇಕಾದರೆ ಮನೆ ಪೂರ್ತಿ ಬಲಕ್ಕೆ ತಿರುಗಬೇಕು. ತಿರುವಿನಲ್ಲಿ ಮುಂದಿನ ಅಚ್ಚು ಹೊರಳಿ ಗಾಲಿ ಮನೆಯ ನೆಲಹಲಗೆಯ ಕೆಳಗೆ ಹೋಗುತ್ತದೆ. ದೊಡ್ಡ ಗಾಲಿ ಹಲಗೆಗೆ ತಾಗಿದರೆ ಹಲಗೆ ಸೀಳುತ್ತದೆ, ಇಲ್ಲವೇ ಅಚ್ಚು ಮುರಿಯುತ್ತದೆ.

ರೋಲರ್ ಶಿಳ್ಳೆ ಹಾಕುತ್ತದೆ. ಕೊಂಡಿ ಬಿಗಿಯುತ್ತದೆ. ಹುಸೇನಮ್ಮ ಗಾಲಿಯ ಪಕ್ಕಕ್ಕೇ ಬಾಗಿ ನಡೆಯುತ್ತಾಳೆ, ಕಣ್ಣು ಗಾಲಿಯ ನೆತ್ತಿಯ ಮೇಲೆ. ಮನೆ ಕಿರುಗುಡುತ್ತ ತಿರುಗುತ್ತದೆ. ಗಾಲಿ ಹಲಗೆಯ ಕೆಳಗೆ ಹೋಗುತ್ತದೆ, ಇನ್ನೂ ಹೋಗುತ್ತದೆ. ಬೆರಳು ತೂರುವಷ್ಟು ಸಂದು ಬಿಟ್ಟು ದಾಟಿ ಆಚೆ ಬರುತ್ತದೆ. ರಸ್ತೆಯ ಮೇಲೆ ಮನೆ ನೆಟ್ಟಗೆ ನಿಂತಾಗ ಅವಳು ಖಡಿಯ ಗುಡ್ಡೆಯ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ.

"ಅಳಾಕತ್ತೀಯೇನು?" ಯಂಕೋಬ ಮೇಲಿನಿಂದ ಕೇಳುತ್ತಾನೆ.

"ಬೆವರು. ನೀ ಮುಂದ ನೋಡು."

ಮುಂದೇನು ಬೇಕು ಎಂದು ಕೇಳಿದರೆ ಅವಳು ಮನೆಯ ಗೋಡೆಯ ಕಡೆ ಕೈ ತೋರಿಸುತ್ತಾಳೆ. "ಮೂಡಣಕ್ಕ ಒಂದು ಸಣ್ಣ ಕಿಟಕಿ ಕೊಯ್ಯಬೇಕಂತ ಮಾಡೀನ್ರಿ. ತುರ್ವಿಹಾಳದಾಗ ಗರಗಸ ಸಿಕ್ರ ಸಾಕು."

ಆಗ ಗುತ್ತೇದಾರನ ಮೇಸ್ತ್ರಿ ಗೋಪಣ್ಣ ಸೈಕಲ್ ತುಳಿಯುತ್ತ ಬರುತ್ತಾನೆ. ಇಳಿದವನು ಮನೆಯನ್ನು ಒಂದು ಸುತ್ತು ಹಾಕುತ್ತಾನೆ, ಗಾಲಿ ತಟ್ಟುತ್ತಾನೆ, ಅರೆಬಾಗಿಲು ಆಡಿಸಿ ನೋಡುತ್ತಾನೆ.

"ಛಲೋ ಮಾಡೀದಿ ಬಿಡವಾ. ಮಳಿಗೂ ಸೋರೂದಿಲ್ಲಂತಲ್ಲ? ಸಾಮಾನು ಇಳಿಸು. ಸಿಂಧನೂರ ಮುಟ್ಟೂ ತನಕ ಗುತ್ತೇದಾರ ಸಾವಕಾರ್ರು ಇದ್ರಾಗ ಮಲಗ್ತಾರಂತ. ನಿಮಗ ಡೇರೆ ಕಟ್ಟಾಕ ತಾಡಪತ್ರಿ ಕೊಡಸ್ತೀನಿ."

ಹುಸೇನಮ್ಮ ಎದ್ದು ಬಟ್ಟೆ ಕೊಡವಿಕೊಳ್ಳುತ್ತಾಳೆ. ಅವನ ಪಕ್ಕದಿಂದ ಹಾದು, ಹತ್ತಿ, ಒಳಗೆ ನಿಂತು, ಅರೆಬಾಗಿಲಿನ ಅಗಳಿ ಹಾಕುತ್ತಾಳೆ.

"ಆಕಿ ಇಳಿಯೂ ತನಕ ಮನಿ ಇಲ್ಲೇ ನಿಲ್ಲಲಿ. ಯಂಕೋಬ, ಕೊಂಡಿ ಬಿಚ್ಚೋ" ಎನ್ನುತ್ತಾನೆ ಗೋಪಣ್ಣ.

ಯಂಕೋಬ ಕೊಂಡಿಯ ಕಡೆ ನೋಡುವುದಿಲ್ಲ. ಹೆಂಡತಿಯ ಕಡೆ ನೋಡುತ್ತಾನೆ. ಖಡಿ ಹೊರುವ ಹೆಂಗಸರು ಬುಟ್ಟಿ ಇಳಿಸಿ ಹತ್ತಿರ ಬಂದು ನಿಲ್ಲುತ್ತಾರೆ.

"ತಾಡಪತ್ರಿ ಸಾವಕಾರ್ರಿಗೆ ಕೊಡ್ರಿ ಗೋಪಣ್ಣಾರ" ಎನ್ನುತ್ತಾಳೆ ಹುಸೇನಮ್ಮ, ದನಿ ಏರಿಸದೆ. "ನಾ ಸಾಮಾನು ಇಳಸೂದಿಲ್ಲ. ನಾನೂ ಇಳಿಯೂದಿಲ್ಲ."